ಗಾಡಿ ಹಳೆಯದಾದರೂ ಬ್ರೇಕು ಹಳೆಯದಾಗಬಾರದು



ನಮ್ಮ ತೋಟದ ಲೈನುಗಳ ಮುಂದೆ ಈಗ ಒಂದು ಹೊಸ ನೋಟ ಕಾಣಸಿಗುತ್ತದೆ. ಹಿಂದೆ ಸೌದೆ ರಾಶಿಯೋ ಕೋಳಿಗೂಡೋ ಇದ್ದ ಜಾಗದಲ್ಲಿ ಟಾರ್ಪಾಲು ಹೊದ್ದ ಒಂದು ಹಳೆಯ ಗಾಡಿ ನಿಂತಿರುತ್ತದೆ. ಒಂದು ಮನೆಯ ಮುಂದೆ ಮಾರುತಿ 800, ಇನ್ನೊಂದು ಮನೆಯ ಮುಂದೆ ಓಮ್ನಿ ವ್ಯಾನು, ಎಲ್ಲೋ ಒಂದು ಕಡೆ ಯಾರೋ ಮಾರಿಬಿಟ್ಟ ಹಳೆಯ ಜೀಪು. ಪಿ.ಎಫ್. ಸಾಲ ಎತ್ತಿ, ಬೋನಸ್ ಹಣ ಕೂಡಿಸಿ, ಹೊರಗೆ ದುಡಿಯುವ ಮಗ ಕಳಿಸಿದ ದುಡ್ಡನ್ನು ಸೇರಿಸಿ ಕೊಂಡ ಗಾಡಿ ಅದು.

ಇದನ್ನು ಡೌಲು ಎಂದು ಹಂಗಿಸುವವರಿದ್ದಾರೆ. ನಾವು ಹಾಗೆನ್ನುವುದಿಲ್ಲ. ದಿನಕ್ಕೆ ಎರಡೇ ಸಲ ಬಸ್ಸು ಬರುವ ಊರಿನಲ್ಲಿ, ನಡುರಾತ್ರಿ ಹೆರಿಗೆ ನೋವು ಬಂದರೆ ಬಾಡಿಗೆ ಜೀಪಿಗಾಗಿ ಮನೆ ಮನೆ ಬಾಗಿಲು ತಟ್ಟಬೇಕಾದ ಜಾಗದಲ್ಲಿ, ಸ್ವಂತ ಗಾಡಿ ಇರುವುದು ಸೌಕರ್ಯವಷ್ಟೇ ಅಲ್ಲ, ಕೆಲವು ಸಲ ಪ್ರಾಣ ಉಳಿಸುವ ಸಾಧನ. ಒಂದು ತಲೆಮಾರಿನ ಹಿಂದೆ ದೊರೆಯ ಬಂಗಲೆಯ ಮುಂದೆ ಮಾತ್ರ ಕಾಣುತ್ತಿದ್ದ ಕಾರು ಇವತ್ತು ಕೊಳುಂದು ಕೀಳುವವಳ ಮನೆಯ ಮುಂದೆ ನಿಂತಿದ್ದರೆ ಅದಕ್ಕಾಗಿ ಸಂತೋಷಪಡೋಣ.

ಆದರೆ ಸಂತೋಷದ ಜೊತೆಗೆ ಒಂದು ಭಯವೂ ನಮ್ಮನ್ನು ಕಾಡುತ್ತಿದೆ. ಮಾರುತಿ 800 ರಸ್ತೆಗೆ ಇಳಿದದ್ದು 1983ರಲ್ಲಿ, ಅದರ ತಯಾರಿಕೆ ನಿಂತದ್ದು 2014ರಲ್ಲಿ. ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು. ಅಂದಮೇಲೆ ಇವತ್ತು ನಮ್ಮ ಕೈಗೆ ಬರುವ 800 ಕಾರು ಎಷ್ಟೇ ಹೊಳಪಾಗಿ ಕಂಡರೂ ಹತ್ತು ವರ್ಷ ದಾಟಿದ ಮುದುಕ. ಮುದುಕ ದುಡಿಯಬಾರದೆಂದೇನೂ ಇಲ್ಲ. ಆದರೆ ಮುದುಕನಿಗೆ ಆರೈಕೆ ಹೆಚ್ಚು ಬೇಕು. ನಾವಿರುವುದು ಎಂಥ ಸೀಮೆಯಲ್ಲಿ ಎಂಬುದನ್ನೂ ನೆನೆಯಬೇಕು. ಕೂನೂರಿನಿಂದ ಮೆಟ್ಟುಪಾಳಯಕ್ಕೆ ಇಳಿಯುವಾಗ 14 ಹೇರ್‌ಪಿನ್ ತಿರುವು. ಊಟಿಯಿಂದ ಕಲ್ಲಟ್ಟಿ ದಾರಿಯಾಗಿ ಮಸಿನಗುಡಿಗೆ ಇಳಿದರೆ 36. ತಾಳವಾಡಿಯವರು ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯಲ್ಲಿ 27. ವಯನಾಡಿನವರು ಕೋಳಿಕ್ಕೋಡಿಗೆ ಇಳಿಯುವ ತಾಮರಶ್ಶೇರಿ ಚುರದಲ್ಲಿ 9. ಬಯಲುಸೀಮೆಯವನಿಗೆ ಬ್ರೇಕು ಅಂದರೆ ಗಾಡಿ ನಿಲ್ಲಿಸುವ ಸಾಧನ. ನಮಗೆ ಅದು ಮನೆಮಂದಿಯನ್ನೆಲ್ಲ ಕೈಹಿಡಿದು ಬೆಟ್ಟ ಇಳಿಸುವ ಸಾಧನ.

2023ರ ಆಗಸ್ಟ್ 25ರಂದು ವಯನಾಡಿನ ಮಾನಂದವಾಡಿ ಸಮೀಪದ ತಲಪ್ಪುಳದ ಬಳಿ, ಚಹಾ ತೋಟದ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಹೆಣ್ಣಾಳುಗಳ ಜೀಪು ಕಂದಕಕ್ಕೆ ಬಿದ್ದು 9 ಮಂದಿ ಹೆಣ್ಣುಮಕ್ಕಳು ತೀರಿಕೊಂಡದ್ದನ್ನು ಮರೆಯಲಾಗದು. ಮರುತಿಂಗಳು, ಸೆಪ್ಟೆಂಬರ್ 30ರಂದು, ಕೂನೂರು ಘಾಟಿಯ ಮರಪ್ಪಾಲದ ಬಳಿ ಪ್ರವಾಸಿಗಳ ಬಸ್ಸು ಉರುಳಿ ಮತ್ತಷ್ಟು ಜೀವಗಳು ಹೋದವು. ಆ ಅಪಘಾತಗಳಲ್ಲಿ ತಪ್ಪು ಯಾರದು, ಯಾವುದರದು ಎಂದು ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ನಮ್ಮ ರಸ್ತೆಗಳಲ್ಲಿ ಒಂದು ಗಳಿಗೆಯ ತಪ್ಪಿಗೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ನೆನಪಿಸುವುದಷ್ಟೇ ಉದ್ದೇಶ.

ಬೇರೆಯವರ ತಪ್ಪು ಹೇಳುವ ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಭಾವ ಒಂದು ಹಳೆಯ ಓಮ್ನಿ ಕೊಂಡರು. ಅಕ್ಕನ ಅತ್ತೆಗೆ ಕಣ್ಣಿನ ಆಪರೇಷನ್ ಆಗಬೇಕಿತ್ತು. ಕೊಯಮತ್ತೂರಿಗೆ ಹೊರಟೆವು. ಐದು ಜನ ಕೂರುವ ಜಾಗದಲ್ಲಿ ದೊಡ್ಡವರು ಆರು, ಮಕ್ಕಳು ಮೂರು. ನಾನು ಭಾವನ ಪಕ್ಕದಲ್ಲಿ ಕೂತಿದ್ದೆ. ಕೂನೂರು ದಾಟಿ ಇಳಿಜಾರು ಶುರುವಾದಾಗ, “ಭಾವ, ನ್ಯೂಟ್ರಲಿಗೆ ಹಾಕಿ, ಪೆಟ್ರೋಲು ಉಳೀತದೆ” ಎಂದು ಹೇಳಿದವನು ನಾನೇ. ಅವರು ಹಾಕಿದರು. ನಾಲ್ಕೈದು ತಿರುವು ಕಳೆದ ಮೇಲೆ ಹಿಂದಿನಿಂದ ಅಕ್ಕ, “ಏನೋ ಸುಟ್ಟ ವಾಸನೆ ಬರ್ತಾ ಇದೆ ರೀ, ಗಾಡಿ ನಿಲ್ಸಿ” ಎಂದಳು. “ಅದು ಮುಂದಿನ ಲಾರಿದು, ನೀನು ಸುಮ್ನಿರು” ಎಂದೆವು ನಾವು ಗಂಡಸರು. ಇನ್ನೆರಡು ತಿರುವು ಕಳೆಯುವಷ್ಟರಲ್ಲಿ ಬ್ರೇಕ್ ಪೆಡಲು ಹತ್ತಿಯ ದಿಂಬು ತುಳಿದಂತೆ ನೆಲಕ್ಕೆ ಹೋಯಿತು.

ಭಾವನ ಕೈ ಗಟ್ಟಿ. ಎರಡನೇ ಗೇರಿಗೆ ಎಳೆದು, ಹ್ಯಾಂಡ್ ಬ್ರೇಕ್ ಹಿಡಿದು, ಗಾಡಿಯನ್ನು ಬೆಟ್ಟದ ಕಡೆಯ ಚರಂಡಿಗೆ ಒರಗಿಸಿದರು. ಎಡಕ್ಕೆ ಬದಲು ಬಲಕ್ಕೆ ತಿರುಗಿದ್ದರೆ ಈ ಸಂಪಾದಕೀಯ ಬರೆಯಲು ನಾನು ಇರುತ್ತಿರಲಿಲ್ಲ. ಅಕ್ಕನ ಕಿರಿಮಗನ ಕೈ ಮುರಿಯಿತು. ಉಳಿದವರಿಗೆ ತರಚು ಗಾಯ. ಆಮೇಲೆ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಬ್ರೇಕ್ ಆಯಿಲನ್ನು ಒಂದು ಗ್ಲಾಸಿಗೆ ಬಿಟ್ಟು ತೋರಿಸಿದ. ಕಾಫಿ ಡಿಕಾಕ್ಷನ್ನಿನಂತೆ ಕಪ್ಪಗಿತ್ತು. “ಇದನ್ನು ಯಾವಾಗ ಬದಲಾಯಿಸಿದ್ದು?” ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಆದರೆ ಹೋದ ತಿಂಗಳಷ್ಟೇ ಬೋನಸ್ ಹಣದಲ್ಲಿ ಹೊಸ ಸೀಟ್ ಕವರು, ಹಾಡು ಕೇಳುವ ಪೆಟ್ಟಿಗೆ ಹಾಕಿಸಿದ್ದು ಎಲ್ಲರಿಗೂ ಗೊತ್ತಿತ್ತು. ಕನ್ನಡಿಗೆ ಜಪಮಾಲೆ ಕಟ್ಟಿದ್ದೆವು, ಹೊರಡುವ ಮೊದಲು ಪ್ರಾರ್ಥನೆಯನ್ನೂ ಮಾಡಿದ್ದೆವು. ಅದು ಸರಿಯೇ. ಆದರೆ ನಾವು ಮಾಡಬೇಕಾದ ಕೆಲಸವನ್ನು ದೇವರ ಮೇಲೆ ಹೊರಿಸಿ ಕೂರುವುದು ಭಕ್ತಿಯಲ್ಲ, ಸೋಮಾರಿತನ.

ಅಂದು ನಡೆದದ್ದೇನು ಎಂಬುದನ್ನು ತಿಳಿದುಕೊಂಡರೆ ಮುಂದಿನದು ಸುಲಭ. ಪೆಡಲು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲು ಸಣ್ಣ ಕೊಳವೆಗಳ ಮೂಲಕ ಚಕ್ರಗಳಿಗೆ ಒತ್ತಡವನ್ನು ಒಯ್ಯುತ್ತದೆ. ಅಲ್ಲಿ ಲೈನರು ಡ್ರಮ್ಮಿಗೆ, ಇಲ್ಲವೇ ಪ್ಯಾಡು ಡಿಸ್ಕಿಗೆ ಒತ್ತಿ ಉಜ್ಜುತ್ತದೆ. ಉಜ್ಜಿದ್ದರಿಂದ ಗಾಡಿಯ ಓಟವೆಲ್ಲ ಬಿಸಿಯಾಗಿ ಮಾರ್ಪಡುತ್ತದೆ. ಎಷ್ಟು ಬಿಸಿ? ಜನವೂ ಸಾಮಾನೂ ಸೇರಿ ಒಂದು ಟನ್ ತೂಗುವ ಕಾರು ಕೂನೂರಿನಿಂದ ಮೆಟ್ಟುಪಾಳಯಕ್ಕೆ ಸುಮಾರು 1500 ಮೀಟರ್ ಇಳಿಯುತ್ತದೆ. ಆ ಇಳಿತದ ಶಕ್ತಿಯೆಲ್ಲ ಬಿಸಿಯಾದರೆ ಸುಮಾರು 45 ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರುತ್ತದೆ. ಅಂದರೆ ಮನೆಮಂದಿಯ ಸ್ನಾನದ ಒಂದು ಹಂಡೆ ನೀರು. ಆ ಒಲೆಯನ್ನೆಲ್ಲ ನಾಲ್ಕು ಚಕ್ರಗಳ ಅಂಗೈಯಗಲದ ಲೈನರುಗಳೇ ಹೊರಬೇಕೆಂದರೆ ಹೇಗೆ? ಗೇರಿನಲ್ಲಿದ್ದಿದ್ದರೆ ಇಂಜಿನ್ ತಾನೇ ಗಾಡಿಯನ್ನು ಹಿಡಿದುಕೊಂಡು ಆ ಹೊರೆಯ ದೊಡ್ಡ ಪಾಲನ್ನು ಹೊರುತ್ತಿತ್ತು. ನ್ಯೂಟ್ರಲಿಗೆ ಹಾಕಿ ನಾವು ಆ ಸಹಾಯವನ್ನು ಕೈಯಾರೆ ಕಳೆದುಕೊಂಡೆವು.

ಎರಡನೆಯದು ಆ ಕಪ್ಪು ಆಯಿಲು. ಬ್ರೇಕ್ ಆಯಿಲು ಉಪ್ಪಿನ ಹಾಗೆ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆರು ತಿಂಗಳು ಮಂಜು, ಮಳೆ ಇರುವ ನಮ್ಮ ಕಡೆ ಕೇಳಬೇಕೇ? ಡಾಟ್ 3 ಎಂದು ಬರೆದಿರುವ ಹೊಸ ಆಯಿಲು ಕುದಿಯಬೇಕಾದರೆ ಕಡಿಮೆ ಎಂದರೂ 205 ಡಿಗ್ರಿ ಬಿಸಿ ಬೇಕು. ತೇವ ಹೀರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಡಾಟ್ 4 ಆದರೆ 230 ಇದ್ದದ್ದು 155ಕ್ಕೆ ಇಳಿಯುತ್ತದೆ. ಆಯಿಲು ಕುದಿದರೆ ಕೊಳವೆಯೊಳಗೆ ಆವಿಯ ಗುಳ್ಳೆ ಏಳುತ್ತದೆ. ಆಯಿಲು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಆಗ ನಾವು ತುಳಿಯುವುದು ಬ್ರೇಕನ್ನಲ್ಲ, ಗಾಳಿಯನ್ನು. ಆದ್ದರಿಂದ ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲನ್ನು ಪೂರ್ತಿ ತೆಗೆಸಿ, ಹೊಸದು ಹಾಕಿಸಿ, ಗಾಳಿ ತೆಗೆಸಬೇಕು. ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಎಂದು ಬರೆದಿದೆಯೋ ಅದನ್ನೇ ಹಾಕಬೇಕು. ಇಂಜಿನ್ ಆಯಿಲನ್ನು ತಪ್ಪಿಯೂ ಹಾಕಬಾರದು. ಒಳಗಿನ ರಬ್ಬರು ವಾಷರುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಒಂದು ಬಾಟಲಿ ಬ್ರೇಕ್ ಆಯಿಲಿಗೆ ಒಂದು ಕಿಲೋ ಕುರಿಮಾಂಸದಷ್ಟೂ ಬೆಲೆಯಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತೆಗೆದುಹಾಕೋಣ. “ನಮ್ಮ ಗಾಡಿ ಭಾನುವಾರ ಮಾತ್ರ ಓಡೋದು, ಬ್ರೇಕು ಎಲ್ಲಿ ಸವೆಯುತ್ತೆ?” ಎನ್ನುವವರು ಬಹಳ. ನಿಂತ ಗಾಡಿಯಲ್ಲಿ ಲೈನರು ಸವೆಯದಿರಬಹುದು. ಆದರೆ ರಬ್ಬರು ಬಿರಿಯುತ್ತದೆ, ಸಿಲಿಂಡರಿನೊಳಗೆ ತುಕ್ಕು ಹಿಡಿಯುತ್ತದೆ, ಹ್ಯಾಂಡ್ ಬ್ರೇಕಿನ ಕೇಬಲು ಅಂಟಿಕೊಳ್ಳುತ್ತದೆ. ದಿನಾ ಓಡುವ ಟ್ಯಾಕ್ಸಿಯ ಬ್ರೇಕನ್ನು ಡ್ರೈವರು ದಿನಾ ಕಾಲಿನಲ್ಲಿ ನೋಡುತ್ತಾನೆ. ವಾರಕ್ಕೊಮ್ಮೆ ಓಡುವ ಮನೆಗಾಡಿಯ ಬ್ರೇಕನ್ನು ಯಾರೂ ನೋಡುವುದಿಲ್ಲ. ಹಳೆಯ ಜೀಪು, ಹಳೆಯ ಅಂಬಾಸಡರ್ ಇರುವವರಿಗೆ ಇನ್ನೂ ಒಂದು ಎಚ್ಚರಿಕೆ. ಬಹಳ ಹಳೆಯ ಮಾಡೆಲುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಆಯಿಲು ದಾರಿ. ಒಂದು ಕಡೆ ಕೊಳವೆ ಒಡೆದರೆ ನಾಲ್ಕೂ ಚಕ್ರದ ಬ್ರೇಕು ಹೋಯಿತು. ನಂತರ ಬಂದ ಗಾಡಿಗಳಲ್ಲಿ ಎರಡು ದಾರಿ ಇರುವುದರಿಂದ ಅರ್ಧವಾದರೂ ಉಳಿಯುತ್ತದೆ. ನಿಮ್ಮದು ಯಾವ ಬಗೆ ಎಂದು ಮೆಕ್ಯಾನಿಕ್ಕನ್ನು ಕೇಳಿ ತಿಳಿದುಕೊಳ್ಳಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿಗೆ ಐದು ನಿಮಿಷವೂ ಬೇಡ.

1. ಬಾನೆಟ್ಟೋ ಸೀಟೋ ಎತ್ತಿ ಬ್ರೇಕ್ ಆಯಿಲಿನ ಡಬ್ಬಿ ನೋಡಿ. ಆಯಿಲು ಎರಡು ಗೆರೆಗಳ ನಡುವೆ ಇರಬೇಕು. ಬೇಗ ಬೇಗ ಇಳಿಯುತ್ತಿದ್ದರೆ ಮೇಲೆ ಮೇಲೆ ತುಂಬಿಸುತ್ತಾ ಕೂರಬೇಡಿ, ಎಲ್ಲೋ ಸೋರುತ್ತಿದೆ. ಚಕ್ರಗಳ ಒಳಬದಿಯಲ್ಲಿ ಒದ್ದೆ ಇದೆಯೇ ಎಂದು ಬಗ್ಗಿ ನೋಡಿ.

2. ಪೆಡಲನ್ನು ಗಟ್ಟಿಯಾಗಿ ತುಳಿದು ಮೂವತ್ತು ಎಣಿಸುವವರೆಗೆ ಹಾಗೇ ಹಿಡಿಯಿರಿ. ಕಾಲಿನ ಕೆಳಗೆ ಮೆಲ್ಲನೆ ಇಳಿಯುತ್ತಿದ್ದರೆ ಸೋರಿಕೆ ಇದೆ ಅಥವಾ ಮಾಸ್ಟರ್ ಸಿಲಿಂಡರ್ ಸವೆದಿದೆ. ಮೆತ್ತಗಿದ್ದರೆ ಗಾಳಿ ಸೇರಿದೆ. ಎರಡು ಮೂರು ಸಲ ತುಳಿದ ಮೇಲೆಯೇ ಹಿಡಿಯುತ್ತದೆ ಎಂದಾದರೆ ಗಾಳಿ ಸೇರಿರಬಹುದು, ಇಲ್ಲವೇ ಲೈನರು ಡ್ರಮ್ಮಿನಿಂದ ದೂರ ಸರಿದಿರಬಹುದು. “ಎರಡು ಸಲ ಪಂಪ್ ಮಾಡಿದರೆ ಸರಿಹೋಗುತ್ತೆ” ಎನ್ನುವ ಗಾಡಿಯಲ್ಲಿ ಮಕ್ಕಳನ್ನು ಕೂರಿಸಬೇಡಿ.

3. ಬೂಸ್ಟರ್ ಇರುವ ಗಾಡಿಯಾದರೆ, ಇಂಜಿನ್ ಆರಿಸಿ ಪೆಡಲು ಗಟ್ಟಿಯಾಗುವವರೆಗೆ ನಾಲ್ಕೈದು ಸಲ ತುಳಿದು, ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲು ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಕೆಲಸ ಮಾಡುತ್ತಿಲ್ಲ.

4. ಏರಿನಲ್ಲಿ ಹ್ಯಾಂಡ್ ಬ್ರೇಕ್ ಒಂದೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆಯೇ ನೋಡಿ. ಚಕ್ರಕ್ಕೆ ಕೊಡಲು ಒಂದು ಮರದ ತುಂಡು ಗಾಡಿಯಲ್ಲಿ ಯಾವಾಗಲೂ ಇರಲಿ.

5. ಹೊರಟ ಕೂಡಲೇ, ಮಟ್ಟಸ ರಸ್ತೆಯಲ್ಲಿ, ಹತ್ತು ಹದಿನೈದು ಕಿಲೋಮೀಟರ್ ವೇಗದಲ್ಲಿ ಒಮ್ಮೆ ಬ್ರೇಕ್ ಹಿಡಿಯಿರಿ. ಗಾಡಿ ಒಂದು ಬದಿಗೆ ಎಳೆದರೆ, ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಶಬ್ದ ಬಂದರೆ, ಅಂದು ಘಾಟಿ ಇಳಿಯುವ ಮಾತು ಬಿಡಿ.

ಘಾಟಿ ಇಳಿಯುವ ರೀತಿಗೆ ಹಿರಿಯ ಲಾರಿ ಡ್ರೈವರುಗಳ ಒಂದೇ ಸೂತ್ರ ಸಾಕು: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಕಾಲನ್ನು ಬ್ರೇಕಿನ ಮೇಲೆ ಒರಗಿಸಿಟ್ಟು ಇಳಿಯಬೇಡಿ. ಬೇಕಾದಾಗ ಗಟ್ಟಿಯಾಗಿ ಹಿಡಿದು, ಬಿಟ್ಟು, ತಣಿಯಲು ಅವಕಾಶ ಕೊಡಿ. ವೇಗ ಇಪ್ಪತ್ತರಿಂದ ನಲವತ್ತಕ್ಕೆ ಏರಿದರೆ ಬ್ರೇಕ್ ಹಿಡಿದು ನಿಲ್ಲಲು ಬೇಕಾಗುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಹೆಚ್ಚುತ್ತದೆ. ನ್ಯೂಟ್ರಲಿನಲ್ಲಿ ಪೆಟ್ರೋಲು ಉಳಿಯುತ್ತದೆ ಎಂಬುದೂ ಈಗ ನಿಜವಲ್ಲ. ಇಂಜೆಕ್ಷನ್ ಇಂಜಿನ್ ಇರುವ ಗಾಡಿ ಗೇರಿನಲ್ಲಿ ಇಳಿಯುವಾಗ ಪೆಟ್ರೋಲನ್ನು ತಾನೇ ನಿಲ್ಲಿಸುತ್ತದೆ. ನ್ಯೂಟ್ರಲಿಗೆ ಹಾಕಿದರೇ ಇಂಜಿನ್ ಆರದಿರಲು ಪೆಟ್ರೋಲು ಸುಡಬೇಕು. ಇಂಜಿನ್ ಆರಿಸಿ ಇಳಿಯುವುದಂತೂ ಹುಚ್ಚುತನ. ಬೂಸ್ಟರಿನ ಬಲ ಎರಡು ಮೂರು ತುಳಿತಕ್ಕೆ ಮುಗಿಯುತ್ತದೆ, ಕೀಲಿ ತೆಗೆದರೆ ಸ್ಟಿಯರಿಂಗ್ ಲಾಕ್ ಆಗುತ್ತದೆ. ಸುಟ್ಟ ವಾಸನೆ ಬಂದರೆ, ಪೆಡಲು ಮೆತ್ತಗಾದರೆ, ಅಗಲವಿರುವ ಜಾಗ ನೋಡಿ ನಿಲ್ಲಿಸಿ ಅರ್ಧ ಗಂಟೆ ಕಾಯಿರಿ. ಬಿಸಿ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರಿಯಬಹುದು.

ಇಷ್ಟಾದರೂ ಬ್ರೇಕು ಕೈಕೊಟ್ಟರೆ ಪೆಡಲನ್ನು ಬೇಗ ಬೇಗ ತುಳಿಯುತ್ತಾ ಗೇರನ್ನು ಒಂದೊಂದಾಗಿ ಇಳಿಸಬೇಕು. ಹ್ಯಾಂಡ್ ಬ್ರೇಕನ್ನು ಒಮ್ಮೆಗೇ ಜಗ್ಗದೆ, ಗುಂಡಿ ಒತ್ತಿಕೊಂಡೇ ಮೆಲ್ಲ ಮೆಲ್ಲನೆ ಎಳೆಯಬೇಕು. ಹಾರ್ನು, ಲೈಟು ಹಾಕಿ, ಬೇರೆ ದಾರಿ ಇಲ್ಲದಿದ್ದರೆ ಬೆಟ್ಟದ ಕಡೆಗೇ ಒರಗಿಸಬೇಕು. ತಗಡು ಜಜ್ಜಿದರೆ ಸರಿಮಾಡಿಸಬಹುದು.

ಖರ್ಚಿನ ಮಾತು ಬರುತ್ತದೆ. ದಿನಗೂಲಿಯಲ್ಲಿ ಬದುಕುವವನಿಗೆ ಲೈನರು, ಸಿಲಿಂಡರು ಎಂದರೆ ಸಣ್ಣ ಖರ್ಚಲ್ಲ, ನಮಗೆ ಗೊತ್ತು. ಆದರೆ ಖರ್ಚಿಗೆ ಒಂದು ಸರದಿ ಇದೆ. ಮೊದಲು ಬ್ರೇಕು, ಆಮೇಲೆ ಟಯರು, ಆಮೇಲೆ ಲೈಟು, ವೈಪರು. ಬಣ್ಣ, ಸೀಟ್ ಕವರು, ಪಾಟು ಕೊನೆಗೆ. ಹಳೆಯ ಗಾಡಿ ಕೊಳ್ಳುವಾಗಲೇ ಬೆಲೆಯ ಜೊತೆಗೆ ಬ್ರೇಕಿನ ಕೆಲಸಕ್ಕೆ ಹಣ ತೆಗೆದಿಡಿ. ಅದಕ್ಕೆ ಹಣ ಉಳಿಯದಿದ್ದರೆ ಆ ಗಾಡಿ ನಮ್ಮ ಶಕ್ತಿಗೆ ಮೀರಿದ್ದು. ಲೈನರು ಬದಲಾಯಿಸುವಾಗ ಎಡ ಬಲ ಎರಡೂ ಚಕ್ರಕ್ಕೆ ಒಟ್ಟಿಗೆ ಹಾಕಿಸಿ. ಹೊಸ ಸಾಮಾನಿನ ಪೆಟ್ಟಿಗೆಯನ್ನು ನಿಮ್ಮ ಕಣ್ಣ ಮುಂದೆ ಬಿಚ್ಚಲು ಹೇಳಿ, ಹಳೆಯದನ್ನು ಕೇಳಿ ವಾಪಸು ಪಡೆಯಿರಿ.

ಕಾಗದಪತ್ರದ ಮಾತೂ ಇದೆ. ಸ್ವಂತ ಕಾರಿನ ರಿಜಿಸ್ಟ್ರೇಷನ್ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆ ಪರೀಕ್ಷೆಯನ್ನು ಏಜೆಂಟನಿಗೆ ದುಡ್ಡು ಕೊಟ್ಟು ತಪ್ಪಿಸಿಕೊಳ್ಳಬೇಕಾದ ಪೀಡೆ ಎಂದುಕೊಳ್ಳಬೇಡಿ. ಗಾಡಿಯನ್ನು ಕೊಂಡೊಯ್ದು ನಿಜವಾಗಿ ತೋರಿಸಿ. ಇನ್ನು ವಿಮೆ. ಮೂರನೆಯವರಿಗಾಗಿ ಮಾಡುವ ಕಡ್ಡಾಯ ವಿಮೆಯೊಂದರಿಂದಲೇ ಗಾಡಿಯೊಳಗೆ ಕೂತ ನಮ್ಮವರಿಗೆಲ್ಲ ಪರಿಹಾರ ಸಿಗುತ್ತದೆಂದು ನಂಬಿ ಕೂರಬೇಡಿ, ಪಾಲಿಸಿಯನ್ನು ಓದಿಸಿ ಕೇಳಿ. ಸ್ವಂತ ಗಾಡಿಯಲ್ಲಿ ತಲೆಗಿಷ್ಟೆಂದು ದುಡ್ಡು ಪಡೆದು ಜನ ಹತ್ತಿಸುವವರು ಅಪಘಾತವಾದ ದಿನ ವಿಮಾ ಕಂಪೆನಿಯವರು ಕೇಳುವ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಟ್ಟುಕೊಳ್ಳಬೇಕಾಗುತ್ತದೆ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಮದುವೆಗೋ ಸಾವಿಗೋ ಹೊರಟಾಗ “ಜಾಗ ಇಲ್ಲ” ಎಂದು ನಂಟರಿಗೆ ಹೇಳಲು ನಮಗೆ ನಾಚಿಕೆ. ಐದು ಜನರ ಗಾಡಿಗೆ ಒಂಬತ್ತು ಜನ ತುಂಬಿದರೆ ಬ್ರೇಕಿನ ಮೇಲೆ ಬೀಳುವ ಹೊರೆಯೂ ಅಷ್ಟೇ ಏರುತ್ತದೆ. ನಾಚಿಕೆ ಬಿಟ್ಟು, “ಅಣ್ಣ, ಈ ಸಲ ಬಸ್ಸಿಗೆ ಬನ್ನಿ” ಎನ್ನುವುದನ್ನು ಕಲಿಯಬೇಕು. ಕೇಳಿದವರೂ ಮುನಿಸಿಕೊಳ್ಳದಿರುವುದನ್ನು ಕಲಿಯಬೇಕು. ಹಾಗೆಯೇ ಹಿಂದಿನ ಸೀಟಿನಲ್ಲಿ ಕೂತ ತಾಯಂದಿರ ಮಾತು. ಅಂದು ಅಕ್ಕನ ಮಾತು ಕೇಳಿದ್ದರೆ ಹುಡುಗನ ಕೈ ಮುರಿಯುತ್ತಿರಲಿಲ್ಲ. “ಗಾಡಿ ನಿಲ್ಲಿಸಿ” ಎಂದು ಹೇಳುವ ಹಕ್ಕು ಗಾಡಿಯಲ್ಲಿ ಕೂತ ಪ್ರತಿಯೊಬ್ಬರಿಗೂ ಇದೆ. ಹೇಳಿದಾಗ ನಿಲ್ಲಿಸುವುದು ಓಡಿಸುವವನಿಗೆ ಅವಮಾನವಲ್ಲ.

ಸಂಘದ ಕಡೆಯಿಂದಲೂ ಆಗಬೇಕಾದ ಕೆಲಸವಿದೆ. ಆಳುಗಳನ್ನು ಕರೆತರುವ ಗಾಡಿಗಳ ಬ್ರೇಕು, ಟಯರು, ಎಫ್.ಸಿ. ಸರಿಯಿದೆಯೇ ಎಂದು ಕೇಳುವುದು ನಮ್ಮ ಹಕ್ಕು. ಆದರೆ ಮ್ಯಾನೇಜರನ್ನು ಹೀಗೆ ಕೇಳುವ ಬಾಯಿ ನಮ್ಮ ಮನೆಯ ಗಾಡಿಯ ವಿಷಯದಲ್ಲಿ ಮುಚ್ಚಿದ್ದರೆ ಆ ಮಾತಿಗೆ ತೂಕ ಬರುವುದೇ? ಆದ್ದರಿಂದ ಒಂದು ಸಲಹೆ. ಮುಂಗಾರು ಹಿಡಿಯುವ ಮೊದಲೊಮ್ಮೆ, ಕ್ರಿಸ್ಮಸ್‌ಗೆ ಮೊದಲೊಮ್ಮೆ, ಸಂಬಳದ ಮರುದಿನದ ಭಾನುವಾರ, ಪ್ರತಿ ಡಿವಿಜನ್ನಿನವರೂ ನಂಬಿಕೆಯ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿ, ಎಲ್ಲ ಗಾಡಿಗಳ ಬ್ರೇಕನ್ನು ಒಂದೇ ದಿನ ನೋಡಿಸಲಿ. ಕೂಲಿಯನ್ನು ಎಲ್ಲರೂ ಹಂಚಿಕೊಂಡರೆ ಒಬ್ಬೊಬ್ಬರಿಗೆ ಭಾರವಾಗದು. ಆಯಿಲು ಬದಲಾಯಿಸಿದ ತಾರೀಖನ್ನು ಡಬ್ಬಿಯ ಮೇಲೆ ಬರೆದು ಅಂಟಿಸಲಿ. ಅಂದು ಗ್ಯಾರೇಜಿನವನು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಿಮ್ಮಲ್ಲಿರಲಿ.

ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತಲೂ ಕೈಗೋಡೆ ಕಟ್ಟಬೇಕು, ಇಲ್ಲದಿದ್ದರೆ ಅಲ್ಲಿಂದ ಬಿದ್ದವನ ರಕ್ತಕ್ಕೆ ಮನೆಯವನೇ ಹೊಣೆ ಎಂಬ ಅರ್ಥದ ಒಂದು ಕಟ್ಟಳೆ ಮೋಶೆಯ ಧರ್ಮಶಾಸ್ತ್ರದಲ್ಲಿದೆ. ಮಾಳಿಗೆ ಮನೆ ನಮಗಿಲ್ಲ. ಆದರೆ ಗಾಡಿ ಬಂದಿದೆ, ಅದರ ಜೊತೆಗೆ ಆ ಹೊಣೆಯೂ ಬಂದಿದೆ. ಬೆಟ್ಟದ ಗಾಡಿಗೆ ಕೈಗೋಡೆ ಎಂದರೆ ಬ್ರೇಕೇ.

ಭಾವನ ಓಮ್ನಿ ಇವತ್ತಿಗೂ ಓಡುತ್ತಿದೆ. ಸೀಟ್ ಕವರು ಹರಿದಿದೆ, ಹಾಡಿನ ಪೆಟ್ಟಿಗೆ ಕೆಟ್ಟು ಮೂಲೆ ಸೇರಿದೆ. ಆಯಿಲಿನ ಡಬ್ಬಿಯ ಮೇಲೆ ಅಕ್ಕ ತನ್ನ ಕೈಯಾರೆ ತಾರೀಖು ಬರೆದಿದ್ದಾಳೆ. ಘಾಟಿಯ ತಲೆಯಲ್ಲಿ ಗಾಡಿ ನಿಲ್ಲಿಸಿ, ಪೆಡಲು ತುಳಿದು ನೋಡಿ, ಎರಡನೇ ಗೇರಿಗೆ ಹಾಕಿಯೇ ಇಳಿಯುತ್ತೇವೆ. ಹಿಂದಿನ ಗಾಡಿಯವರು ಹಾರ್ನು ಹೊಡೆಯುತ್ತಾರೆ. ಬದಿಗೆ ಸರಿದು ಅವರಿಗೆ ದಾರಿ ಬಿಡುತ್ತೇವೆ.